ಹೋರಿ ಪಳಗಿಸಲು ಕೆಸರಾಗದ ಅಂಗಳ: ಕಡಿಮೆ ಖರ್ಚಿನಲ್ಲಿ ಕಟ್ಟುವ ಬಗೆ



ಹಿಂಗಾರಿ ಜೋಳ, ಕಡಲೆ ಬಿತ್ತನೆಗೆ ಹೊಸ ಹೋರಿಗಳು ಅಣಿಯಾಗಬೇಕಾದರೆ ಅವನ್ನು ಮಳೆಗಾಲದಲ್ಲಿಯೇ ನೊಗಕ್ಕೆ ಹೊಂದಿಸಬೇಕಾಗುತ್ತದೆ. ಆದರೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಮ್ಮ ಎರೆಭೂಮಿಯ ಅಂಗಳವೆಂದರೆ ಕೆಸರಿನ ಹೊಂಡ. ಅಲ್ಲಿ ಹೋರಿ ಜಾರಿ ಬಿದ್ದರೆ ಕಾಲು ಮುರಿಯಬಹುದು. ಮುರಿಯದಿದ್ದರೂ ಒಮ್ಮೆ ಅಂಜಿದ ಹೋರಿ ಮುಂದೆ ನೊಗ ಕಂಡರೆ ಹಿಂಜರಿಯುತ್ತದೆ. ಒಂದು ಜೋಡಿ ಎತ್ತಿನ ಬೆಲೆ ಇಂದು ಎಷ್ಟಿದೆ ಎಂಬುದು ನಿಮಗೆ ಗೊತ್ತೇ ಇದೆ. ಟ್ರ್ಯಾಕ್ಟರ್ ಬಂದ ಮೇಲೂ ಎಡೆ ಹೊಡೆಯಲು ಎತ್ತುಗಳನ್ನೇ ನಂಬಿದವರು ನಮ್ಮಲ್ಲಿ ಅನೇಕರಿದ್ದಾರೆ. ಅಂಥವರಿಗೆ ಉಪಯೋಗವಾಗಲೆಂದು ಈ ಲೇಖನ.

ಕೆಸರು ಏಕೆ ಆಗುತ್ತದೆ?

ಕೆಸರಿಗೆ ಕಾರಣ ಬೀಳುವ ಮಳೆಯಲ್ಲ, ನಿಲ್ಲುವ ನೀರು. ಎರೆಮಣ್ಣಿನಲ್ಲಿ ಜಿಗುಟಿನ ಅಂಶ ಹೆಚ್ಚು. ನೀರು ಕುಡಿದಾಗ ಅದು ಉಬ್ಬುತ್ತದೆ, ಅದರ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ನೀರು ಕೆಳಗೆ ಇಳಿಯುವುದು ಬಹು ನಿಧಾನ. ಒಂದು ಗುಂಟೆ, ಅಂದರೆ 33 ಅಡಿ ಉದ್ದ 33 ಅಡಿ ಅಗಲದ ಜಾಗದಲ್ಲಿ 50 ಮಿ.ಮೀ. ಮಳೆ ಬಿದ್ದರೆ ಸುಮಾರು 5,000 ಲೀಟರ್ ನೀರಾಗುತ್ತದೆ. ಇದು 200 ಲೀಟರಿನ 25 ಬ್ಯಾರಲ್ ನೀರು. ಮೇಲಿನ ಹೊಲದಿಂದ ಮತ್ತು ಮನೆಯ ಛಾವಣಿಯಿಂದ ಹರಿದು ಬರುವ ನೀರು ಇದರ ಲೆಕ್ಕದಲ್ಲಿಲ್ಲ. ಆದುದರಿಂದ ಮೊದಲು ನೀರಿಗೆ ದಾರಿ, ನಂತರ ಗರಸು. ತಗಡಿನ ಛಾವಣಿಯ ವಿಚಾರ ಎಲ್ಲಕ್ಕಿಂತ ಕೊನೆಗೆ.

ನಾನು ಮಾಡಿದ ತಪ್ಪು

ಬೇಸಾಯ ಶಾಸ್ತ್ರ ಓದಿಯೂ ಹಿಂದೊಮ್ಮೆ ನಮ್ಮ ಮನೆಯ ಹಿತ್ತಲಲ್ಲಿ ನಾನು ಈ ಕ್ರಮವನ್ನು ತಿರುವುಮುರುವು ಮಾಡಿದೆ. ಎರೆಮಣ್ಣನ್ನು ಒಂದು ಅಡಿ ಅಗೆದು ತೆಗೆಸಿ, ಆ ತಗ್ಗಿಗೆ ಗರಸು ತುಂಬಿಸಿದೆ. ಬೇಸಿಗೆಯಲ್ಲಿ ಅಂಗಳ ಬಲು ಚೆಂದ ಕಾಣುತ್ತಿತ್ತು. ಆರಿದ್ರಾ ಮಳೆ ಹಿಡಿದಾಗ ಆ ತಗ್ಗು ಬಟ್ಟಲಿನಂತೆ ನೀರು ಹಿಡಿದುಕೊಂಡಿತು. ಎತ್ತುಗಳ ತುಳಿತಕ್ಕೆ ಕೆಳಗಿನ ಎರೆ ಮೇಲೆ ಬಂತು, ಗರಸು ಕೆಳಗೆ ಹೋಯಿತು. ಒಂದೇ ಮಳೆಗಾಲದಲ್ಲಿ ಹಾಕಿದ ಹಣವೆಲ್ಲ ಮಣ್ಣುಪಾಲಾಯಿತು. ಅಂದು ಕಲಿತ ಪಾಠವಿಷ್ಟೇ: ಎರೆಭೂಮಿಯಲ್ಲಿ ಅಂಗಳವನ್ನು ಅಗೆಯಬಾರದು, ಏರಿಸಬೇಕು.

ಸ್ಥಳ ಮತ್ತು ಅಳತೆ

ಜಮೀನಿನ ಎತ್ತರದ ಭಾಗವನ್ನು ಆರಿಸಿಕೊಳ್ಳಿರಿ. ಅಂಗಳ ದುಂಡಗಿರಲಿ. ಮೂಲೆ ಇದ್ದರೆ ಹೋರಿ ಅಲ್ಲಿ ಹೋಗಿ ನಿಂತುಬಿಡುತ್ತದೆ. ನಡುವೆ ಗೂಟ ನೆಟ್ಟು, 30 ಅಡಿ ಹಗ್ಗದಿಂದ ಒಂದು ಸುತ್ತು, 20 ಅಡಿ ಹಗ್ಗದಿಂದ ಇನ್ನೊಂದು ಸುತ್ತು ಗೆರೆ ಎಳೆಯಿರಿ. ಎರಡು ಗೆರೆಗಳ ನಡುವಿನ 10 ಅಡಿ ಅಗಲದ ಪಟ್ಟಿಯೇ ಎತ್ತುಗಳು ನಡೆಯುವ ದಾರಿ. ಗರಸು ಬೇಕಾಗುವುದು ಈ ದಾರಿಗೆ ಮಾತ್ರ. ಇಡೀ ವೃತ್ತ ಸುಮಾರು 2,830 ಚದರಡಿ, ದಾರಿ ಸುಮಾರು 1,570 ಚದರಡಿ. ಖರ್ಚು ಉಳಿಯುವುದು ಮುಖ್ಯವಾಗಿ ಇಲ್ಲಿಯೇ.

ಕಟ್ಟುವ ಕ್ರಮ

1. ಹೊರಗೆರೆಯಿಂದ 2 ಅಡಿ ಬಿಟ್ಟು ಸುತ್ತಲೂ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಬಸಿಗಾಲುವೆ ತೆಗೆಯಿರಿ. ಅದರ ನೀರು ಕೃಷಿ ಹೊಂಡಕ್ಕೋ ಇಳಿಜಾರಿನ ಹಳ್ಳಕ್ಕೋ ಸೇರಲಿ. ಕುಡಿಯುವ ನೀರಿನ ಬಾವಿಯ ಕಡೆಗೆ ಹೋಗಕೂಡದು.

2. ಕಾಲುವೆಯಿಂದ ಬಂದ ಮಣ್ಣನ್ನು ವೃತ್ತದೊಳಗೆ ಹರಡಿ, ನಡುಭಾಗ ಎತ್ತರವಾಗುವಂತೆ ಮಾಡಿರಿ. 10 ಅಡಿ ದಾರಿಯಲ್ಲಿ ಒಳಗಿನಿಂದ ಹೊರಕ್ಕೆ ಎರಡೂವರೆ ಅಂಗುಲ ಇಳಿಜಾರು ಸಾಕು. ನಡುಭಾಗದಲ್ಲಿ ಕರಿಕೆ ಹುಲ್ಲು ಬೆಳೆಯಲು ಬಿಡಿರಿ. ಆಗ ನೀರು ಮಣ್ಣನ್ನು ಹೊತ್ತು ತರುವುದಿಲ್ಲ.

3. ಎರೆ ಮತ್ತು ಗರಸು ಬೆರೆಯದಂತೆ ನಡುವೆ ಒಂದು ತಡೆ ಬೇಕು. ಇದಕ್ಕೆಂದೇ ತಯಾರಾದ ಬಟ್ಟೆ ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಕೊಳ್ಳಲಾಗದವರು ಹಳೆಯ ಗೊಬ್ಬರ ಚೀಲಗಳನ್ನು ತೊಳೆದು, ಒಳಗಿನ ಪ್ಲಾಸ್ಟಿಕ್ ಹಾಳೆ ತೆಗೆದು, ಬಿಚ್ಚಿ, ಒಂದರ ಮೇಲೊಂದು ಒಂದು ಅಡಿ ಬರುವಂತೆ ಹಾಸಬಹುದು. ಬಿಸಿಲಿಗೆ ಬಿದ್ದರೆ ಚೀಲ ಪುಡಿಯಾಗುವುದರಿಂದ ಅಂದೇ ಗರಸು ಮುಚ್ಚಬೇಕು.

4. ಗರಸನ್ನು ಎರಡು ಪದರವಾಗಿ ಹಾಕಿರಿ. ಪ್ರತಿ ಪದರಕ್ಕೂ ನೀರು ಚಿಮುಕಿಸಿ, ಕಣ ಮಾಡುವಾಗಿನಂತೆ ರೋಣಗಲ್ಲು ಉರುಳಿಸಿರಿ. ಗಟ್ಟಿಯಾದ ಮೇಲೆ ಒಟ್ಟು 6 ಅಂಗುಲ ನಿಲ್ಲಬೇಕು. ಇದಕ್ಕೆ ಸುಮಾರು 10 ಬ್ರಾಸ್ ಗರಸು ಬೇಕಾಗುತ್ತದೆ. ಒದ್ದೆ ಗರಸನ್ನು ಮುಷ್ಟಿಯಲ್ಲಿ ಹಿಚುಕಿ ನೋಡಿರಿ. ಕೈಗೆ ಅಂಟಿಕೊಂಡರೆ ಅದರಲ್ಲಿ ಜಿಗುಟು ಹೆಚ್ಚು, ಅದು ಬೇಡ.

5. ಮೇಲೆ ಒಂದೂವರೆ ಅಂಗುಲ ದಪ್ಪ ಮರಳು ಹರಡಿರಿ. 2 ಬ್ರಾಸ್ ಸಾಕು. ಹುಲ್ಲು, ರವದಿ ಹಾಕಬೇಡಿರಿ. ಅವು ಕೊಳೆತು ಮತ್ತೆ ಕೆಸರಾಗುತ್ತವೆ.

6. ದಾರಿಯ ಹೊರ ಅಂಚಿಗೆ ಬಿದಿರು ಅಥವಾ ನೀಲಗಿರಿ ಗಳಗಳ ಬೇಲಿ ಹಾಕಿರಿ. ನಾಲ್ಕೂವರೆ ಅಡಿ ಎತ್ತರವಿರಲಿ. ಅಡ್ಡಗಳಗಳನ್ನು ಕಂಬದ ಒಳಬದಿಗೆ ಕಟ್ಟಿದರೆ ಹೋರಿಯ ಭುಜ ಕಂಬಕ್ಕೆ ಬಡಿಯುವುದಿಲ್ಲ. ಮುಳ್ಳುತಂತಿ ಸರ್ವಥಾ ಬೇಡ. ಬಾಗಿಲಿನ ಎದುರು ಕಾಲುವೆಗೆ ಸಿಮೆಂಟ್ ಕೊಳವೆ ಇಟ್ಟು ಮಣ್ಣು ಮುಚ್ಚಿರಿ.

ಒಂದೇ ವರ್ಷ ಎಲ್ಲವೂ ಆಗಬೇಕೆಂದಿಲ್ಲ. ಈ ಬೇಸಿಗೆಯಲ್ಲಿ ಕಾಲುವೆ ಮತ್ತು ಏರಿ ಮಾತ್ರ ಮಾಡಿರಿ. ಮೊದಲ ವರ್ಷ ಕೆಸರು ಪೂರ್ತಿ ನಿಲ್ಲದು. ಆದರೆ ಮಳೆ ಬಿಟ್ಟ ಮೇಲೆ ಅಂಗಳ ಬೇಗ ಆರುತ್ತದೆ, ತುಂಬಿದ ಮಣ್ಣೂ ಕೂತು ಗಟ್ಟಿಯಾಗುತ್ತದೆ. ಗರಸು, ಮರಳುಗಳನ್ನು ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಬಹುದು. ಅಳ್ನಾವರ, ಕಲಘಟಗಿ ಕಡೆಯವರಿಗೆ ಮಳೆ ಹೆಚ್ಚು, ಅವರು ಕಾಲುವೆಯನ್ನು ಇನ್ನಷ್ಟು ಅಗಲ ಮಾಡಬೇಕು. ನವಲಗುಂದ ಕಡೆಯ ಆಳವಾದ ಎರೆಯಲ್ಲಿ ಗರಸನ್ನು ದೂರದಿಂದ ತರಬೇಕಾದಲ್ಲಿ, ಕೆಳಪದರಕ್ಕೆ ಒಡೆದ ಇಟ್ಟಿಗೆ ಚೂರು ಬಳಸಬಹುದು. ಅದರಲ್ಲಿ ಮೊಳೆ, ಗಾಜು ಇರದಂತೆ ಆರಿಸಬೇಕು.

ಬಳಕೆ ಮತ್ತು ಉಪಚಾರ

ಸೆಗಣಿಯನ್ನು ದಿನವೂ ಎತ್ತಿ ತಿಪ್ಪೆಗೆ ಹಾಕಿರಿ. ಒಂದು ಎತ್ತು ದಿನಕ್ಕೆ 10-15 ಕಿ.ಗ್ರಾಂ. ಸೆಗಣಿ ಹಾಕುತ್ತದೆ. ಕೆಸರಿನಲ್ಲಿ ಕಲೆತರೆ ಅಂಗಳವೂ ಕೆಡುತ್ತದೆ, ಗೊಬ್ಬರವೂ ಹೋಗುತ್ತದೆ. ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆ ಕಟ್ಟಿ, ಮೊದಲು ಬರೀ ನೊಗ, ಕೆಲವು ದಿನಗಳ ನಂತರ ಹಗುರವಾದ ಕೊರಡು ಎಳೆಸಿರಿ. ದಿಕ್ಕನ್ನು ಆಗಾಗ ಬದಲಿಸಿರಿ. ಸದಾ ತೊಯ್ದ ಗೊರಸು ಮೆತ್ತಗಾಗಿ ಬೇಗ ಗಾಯಗೊಂಡು ಕೊಳೆಯುತ್ತದೆ. ಒಣ ಅಂಗಳದಿಂದ ಇದು ಬಹಳ ಮಟ್ಟಿಗೆ ತಪ್ಪುತ್ತದೆ. ಆದರೆ ಕಾಲುಬಾಯಿ ಬೇನೆ ಸೋಂಕಿನಿಂದ ಬರುವಂಥದು. ಅದಕ್ಕೆ ಲಸಿಕೆಯನ್ನು ಹಾಕಿಸಲೇಬೇಕು.

ಕುರಿ ಮಂದೆಯೊಡನೆ ಸಾಮಾನು ಹೊರುವ ಕುದುರೆ ಸಾಕುವವರಿಗೂ, ಜಾತ್ರೆಯ ಗಾಡಿ ಓಟಕ್ಕೆ ಕುದುರೆ ತಯಾರು ಮಾಡುವವರಿಗೂ ಇದೇ ಅಂಗಳ ಆಗುತ್ತದೆ. ಬೇಲಿ ಮಾತ್ರ 5 ಅಡಿ ಎತ್ತರವಿರಲಿ. ಕುದುರೆಗೆ ಗಾಯದಿಂದ ಧನುರ್ವಾಯು ಬೇಗ ತಗಲುವುದರಿಂದ ಪಶುವೈದ್ಯರನ್ನು ಕೇಳಿ ಮೊದಲೇ ಲಸಿಕೆ ಹಾಕಿಸತಕ್ಕದ್ದು.

ಈ ಸಾರೆ ಜೋರು ಮಳೆ ಬಂದಾಗ ಕೊಪ್ಪೆ ಹೊದ್ದು ಅಂಗಳದಲ್ಲಿ ಅರ್ಧ ತಾಸು ನಿಂತು, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿರಿ. ಅಲ್ಲಲ್ಲಿ ಗೂಟ ನೆಟ್ಟು ಗುರುತು ಮಾಡಿಕೊಳ್ಳಿರಿ. ಬೇಸಿಗೆಯಲ್ಲಿ ಕಾಲುವೆ ಎಲ್ಲಿ ತೆಗೆಯಬೇಕೆಂಬುದನ್ನು ಆ ಗೂಟಗಳೇ ಹೇಳುತ್ತವೆ. ಈ ಕೆಲಸಕ್ಕೆ ಒಂದು ಪೈಸೆಯೂ ಖರ್ಚಿಲ್ಲ.