ಹೊಸ ಅಗ್ನಿಶಾಮಕ ಠಾಣೆ ಎಲ್ಲಿರಬೇಕು, ಹೆಂಗಿರಬೇಕು?



ಬೆಂಕಿ ಆರಿಸುವ ಗಾಡಿಗೆ ನಮ್ಮ ಭಾಗದಲ್ಲಿ ‘ಬಂಬ್’ ಅಂತೀವಿ. ಇದು ಮರಾಠಿಯಿಂದ ನಮ್ಮ ಬಾಯಿಗೆ ಬಂದ ಮಾತು. ಪುಸ್ತಕದ ಕನ್ನಡದಲ್ಲಿ ಅದು ಅಗ್ನಿಶಾಮಕ ವಾಹನ, ಅದು ನಿಲ್ಲುವ ಜಾಗ ಅಗ್ನಿಶಾಮಕ ಠಾಣೆ. ಕಬ್ಬಿನ ಫಡಕ್ಕೆ ಬೆಂಕಿ ಬಿದ್ದಾಗ, ಕಣಕಿ ಬಣವಿ ಹತ್ತಿ ಉರಿಯುವಾಗ ಊರವರೆಲ್ಲ ಕೇಳುವ ಪ್ರಶ್ನೆ ಒಂದೇ: “ಬಂಬ್ ಬಂತೇನು?” ತಡ ಆದರೆ ಬೈಗುಳ ತಿನ್ನುವವನು ಚಾಲಕ. ಆದರೆ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಬಹುಮಟ್ಟಿಗೆ ಠಾಣೆ ಕಟ್ಟುವ ಮೊದಲೇ, ನಕಾಶೆಯ ಮೇಲೆ ತೀರ್ಮಾನ ಆಗಿರುತ್ತದೆ.

ಒಂದು ಹೊಸ ಠಾಣೆಯ ಯೋಜನೆ ಹಾಕುವವರು ಏನೇನು ಲೆಕ್ಕ ಹಾಕಬೇಕು? ನಿಮ್ಮ ಎಂಟು, ಒಂಬತ್ತು, ಹತ್ತನೆಯ ತರಗತಿಯ ವಿಜ್ಞಾನ-ಗಣಿತ ಇಟ್ಟುಕೊಂಡೇ ಈ ಲೆಕ್ಕ ಮಾಡಬಹುದು. ಬರ್ರಿ, ಮಾಡೋಣ.

ಬೆಂಕಿ ಬೆಳೆಯುವ ಲೆಕ್ಕ

ಬೆಂಕಿ ಒಂದೇ ಸಮ ಬೆಳೆಯುವುದಿಲ್ಲ. ಒಂದು ವಸ್ತು ಉರಿದು ಪಕ್ಕದ್ದನ್ನು ಕಾಯಿಸುತ್ತದೆ, ಅದು ಹೊತ್ತಿಕೊಂಡು ಇನ್ನೆರಡನ್ನು ಕಾಯಿಸುತ್ತದೆ. ಅಗ್ನಿ ಎಂಜಿನಿಯರುಗಳು ಇದಕ್ಕೆ ಒಂದು ಸರಳ ಸೂತ್ರ ಬಳಸುತ್ತಾರೆ. ಉರಿಯಲು ಸಾಕಷ್ಟು ಸಾಮಾನು, ಗಾಳಿ ಇರುವ ತನಕ, ಬೆಂಕಿ ಪ್ರತಿ ಸೆಕೆಂಡಿಗೆ ಹೊರಹಾಕುವ ಉಷ್ಣ ಸಮಯದ ವರ್ಗಕ್ಕೆ ಅನುಪಾತದಲ್ಲಿ ಬೆಳೆಯುತ್ತದೆ. ಅಂದ್ರೆ ಸಮಯ ಎರಡು ಪಟ್ಟಾದರೆ ಬೆಂಕಿ ನಾಲ್ಕು ಪಟ್ಟು.

ಒಣ ಕಟ್ಟಿಗೆ ಚೌಕಟ್ಟುಗಳನ್ನು ಒಂದರ ಮೇಲೊಂದು ಒಟ್ಟಿದ್ದರೆ ಅಲ್ಲಿ ಬೀಳುವ ಬೆಂಕಿಯನ್ನು ‘ವೇಗದ ಬೆಂಕಿ’ ಎಂದು ಎಣಿಸುತ್ತಾರೆ. ಅದು 150 ಸೆಕೆಂಡಿನಲ್ಲಿ ಸುಮಾರು 1 ಮೆಗಾವಾಟ್, ಅಂದ್ರೆ 1000 ಕಿಲೋವಾಟ್ ಮುಟ್ಟುತ್ತದೆ. ಮನೆಯ ಗ್ಯಾಸ್ ಒಲೆಯ ಒಂದು ಬರ್ನರ್ ಎರಡು-ಮೂರು ಕಿಲೋವಾಟ್ ಅಷ್ಟೇ. ಎರಡೂವರೆ ನಿಮಿಷಕ್ಕೇ ಸುಮಾರು 400 ಬರ್ನರ್ ಒಟ್ಟಿಗೆ ಹಚ್ಚಿದ ಹಂಗೆ! 5 ನಿಮಿಷಕ್ಕೆ ಅದು 4 ಮೆಗಾವಾಟ್. 10 ನಿಮಿಷಕ್ಕೆ 16 ಮೆಗಾವಾಟ್.

ಟಾಕಿಯ ನೀರು ಎಷ್ಟು ಹೊತ್ತು ಬಾಳುತ್ತದೆ?

ಈಗ ನೀರಿನ ಲೆಕ್ಕ. ಒಂದು ಲೀಟರ್ ನೀರು 25 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲು ಸುಮಾರು 314 ಕಿಲೋಜೂಲ್ ಉಷ್ಣ ಬೇಕು. ಅದೇ ನೀರು ಆವಿ ಆಗಲು ಮತ್ತೆ 2257 ಕಿಲೋಜೂಲ್ ಬೇಕು. ನೀವು ಓದಿದ ಗುಪ್ತ ಉಷ್ಣ ಇದೇ. ಒಟ್ಟು ಸುಮಾರು 2600 ಕಿಲೋಜೂಲ್. ನೀರು ಬೆಂಕಿ ಆರಿಸುವುದರ ದೊಡ್ಡ ಗುಟ್ಟು ಇಲ್ಲೈತಿ: ಅದು ಆವಿಯಾಗುತ್ತ ಬೆಂಕಿಯ ಉಷ್ಣ ಕಸಿದುಕೊಳ್ಳುತ್ತದೆ.

4 ಮೆಗಾವಾಟ್ ಬೆಂಕಿ ಸೆಕೆಂಡಿಗೆ 4000 ಕಿಲೋಜೂಲ್ ಉಷ್ಣ ಬಿಡುತ್ತದೆ. ಅದನ್ನೆಲ್ಲ ಹೀರಲು ಸೆಕೆಂಡಿಗೆ ಸುಮಾರು ಒಂದೂವರೆ ಲೀಟರ್ ನೀರು ಸಾಕು. ಆದರೆ ಚಿಮ್ಮಿಸಿದ ನೀರೆಲ್ಲ ಆವಿ ಆಗುವುದಿಲ್ಲ, ಬಹಳಷ್ಟು ನೆಲಕ್ಕೆ ಹರಿದು ಹೋಗುತ್ತದೆ. ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ ಎಂದು ಹಿಡಿಯೋಣ. ಆಗ ಸೆಕೆಂಡಿಗೆ ನಾಲ್ಕೂವರೆ ಲೀಟರ್‌ಗೂ ಸ್ವಲ್ಪ ಹೆಚ್ಚು, ಅಂದ್ರೆ ನಿಮಿಷಕ್ಕೆ ಸುಮಾರು 280 ಲೀಟರ್ ಬೇಕು. 5000 ಲೀಟರ್ ಟಾಕಿಯ ಒಂದು ಬಂಬ್ ಈ ಬೆಂಕಿಯ ಮುಂದೆ ಸುಮಾರು 18 ನಿಮಿಷ ನಿಲ್ಲುತ್ತದೆ. ಆರಿಸಲು ಅಷ್ಟು ಹೊತ್ತು ಸಿಗಬಹುದು.

ಅದೇ ಬಂಬ್ ಐದು ನಿಮಿಷ ತಡವಾಗಿ ಬಂತು ಅನ್ಕೊಳ್ರಿ. ಈಗ ಬೆಂಕಿ 16 ಮೆಗಾವಾಟ್. ನಿಮಿಷಕ್ಕೆ 1100 ಲೀಟರ್ ಬೇಕು. ಟಾಕಿ ನಾಲ್ಕೂವರೆ ನಿಮಿಷಕ್ಕೆ ಖಾಲಿ! ಗಾಡಿ ಅದೇ, ನೀರು ಅದೇ, ಮಂದಿ ಅವರೇ. ಬದಲಾದದ್ದು ಐದು ನಿಮಿಷ ಮಾತ್ರ. ಠಾಣೆಯ ವಿನ್ಯಾಸದಲ್ಲಿ ಮುಂದೆ ಬರುವ ಪ್ರತಿಯೊಂದು ಮಾತನ್ನೂ ಈ ಲೆಕ್ಕ ನೆನಪಿಟ್ಟುಕೊಂಡೇ ಓದಿರಿ.

ಸೊಲ್ಲಾಪುರ ಕಲಿಸಿದ ಪಾಠ

2025ರ ಮೇ 18ರ ಬೆಳಗಿನ ಜಾವ ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂ.ಐ.ಡಿ.ಸಿ.ಯಲ್ಲಿ ಒಂದು ಟವೆಲ್ ಕಾರ್ಖಾನೆಗೆ ಬೆಂಕಿ ಹತ್ತಿ ಎಂಟು ಜನ ತೀರಿಕೊಂಡರು. ಅವರಲ್ಲಿ ಅದೇ ಕಟ್ಟಡದಲ್ಲಿ ವಾಸವಿದ್ದ ಕುಟುಂಬದವರೂ ಇದ್ದರು. ಚಾದರ, ಟವೆಲ್ ಸೊಲ್ಲಾಪುರದ ಹೆಸರು. ನಮ್ಮ ಹಳ್ಳಿಗಳ ಎಷ್ಟೋ ಮಂದಿಗೆ ಹೊಟ್ಟೆ ಹೊರೆಯುವ ದಾರಿಯೂ ಅದೇ. ಆದರೆ ಹತ್ತಿಯ ನೂಲು, ಅದರಿಂದ ಉದುರುವ ನವಿರಾದ ಎಳೆ-ಧೂಳಿಗೆ ತೂಕದ ಹೋಲಿಕೆಯಲ್ಲಿ ಮೇಲ್ಮೈ ಬಹಳ. ಗಾಳಿ ಎಲ್ಲ ಕಡೆಯಿಂದ ಸಿಗುವುದರಿಂದ ಬೇಗ ಹೊತ್ತುತ್ತದೆ.

ಹತ್ತಿಯ ಬೆಂಕಿಯ ನೆನಪು ನಮ್ಮ ದೇಶದ ಪಂಚಾಂಗದಲ್ಲೇ ಇದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿ ಅಂಡಿಗೆಗಳ ಜೊತೆ ಸ್ಫೋಟಕಗಳನ್ನೂ ತುಂಬಿದ್ದ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗಿಗೆ ಬೆಂಕಿ ಬಿತ್ತು. ಅದನ್ನು ಆರಿಸುತ್ತಿದ್ದಾಗಲೇ ಹಡಗು ಸಿಡಿದು 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅದಕ್ಕೇ ಏಪ್ರಿಲ್ 14ನ್ನು ರಾಷ್ಟ್ರೀಯ ಅಗ್ನಿಶಾಮಕ ಸೇವಾ ದಿನ ಎಂದು ಆಚರಿಸುತ್ತಾರೆ.

ಹಾಗಾಗಿ ಯೋಜನೆಯ ಮೊದಲ ಕೆಲಸ ಅಪಾಯದ ಪಟ್ಟಿ ಮಾಡುವುದು. ನಮ್ಮ ಜಿಲ್ಲೆಗೆ ಈ ಪಟ್ಟಿ ಹೀಗೆ ಬರುತ್ತದೆ: ಜವಳಿ ಕಾರ್ಖಾನೆ, ಸಕ್ಕರೆ ಕಾರ್ಖಾನೆ, ಪೆಟ್ರೋಲ್ ಪಂಪು, ಕಬ್ಬಿನ ಫಡದ ಮೇಲೆ ಜೋತು ಬಿದ್ದ ವಿದ್ಯುತ್ ತಂತಿ, ಬೇಸಿಗೆಯ ಬಣವಿ, ಗಡ್ಡಾ ಜಾತ್ರೆಯ ಮದ್ದು, ಅಕ್ಕಲಕೋಟದ ಗುಡಿಗೆ ಬರುವ ಭಕ್ತರ ದಟ್ಟಣೆ. ಇದಕ್ಕೆ ನೀರನ್ನೂ ಸೇರಿಸಬೇಕು. 2020ರ ಅಕ್ಟೋಬರದಲ್ಲಿ ಭೀಮೆಗೆ ಮಹಾಪೂರ ಬಂದಿತ್ತಲ್ಲ, ಅಂಥ ಹೊತ್ತಿನಲ್ಲಿ ದೋಣಿ, ಹಗ್ಗ ತರುವುದೂ ಅಗ್ನಿಶಾಮಕ ದಳದ ಕೆಲಸವೇ.

ಜಾಗದ ಲೆಕ್ಕ: ವೃತ್ತ ಎಳೆಯೋಣ

ನಮ್ಮ ದೇಶದಲ್ಲಿ ಠಾಣೆಗಳ ಯೋಜನೆ ಹಾಕುವಾಗ ನಗರದಲ್ಲಿ 5ರಿಂದ 7 ನಿಮಿಷ, ಹಳ್ಳಿಗಳಲ್ಲಿ 20 ನಿಮಿಷದೊಳಗೆ ಗಾಡಿ ಮುಟ್ಟಬೇಕು ಎಂಬ ಗುರಿ ಇಟ್ಟುಕೊಳ್ಳುತ್ತಾರೆ. ಹಳ್ಳಿಯ 20 ನಿಮಿಷ ತಗೊಳ್ರಿ. ಫೋನ್ ಎತ್ತಿ ಊರ ಹೆಸರು ಕೇಳಿಕೊಳ್ಳಲು, ಉಡುಪು ಹಾಕಿ ಗಾಡಿ ಹತ್ತಲು 2 ನಿಮಿಷ ಹೋಯಿತು. ಉಳಿದದ್ದು 18 ನಿಮಿಷ. ಐದು ಟನ್ ನೀರು ಹೊತ್ತ ಗಾಡಿ ನಮ್ಮ ಹಳ್ಳಿ ರಸ್ತೆಯಲ್ಲಿ ಸರಾಸರಿ ಗಂಟೆಗೆ 40 ಕಿ.ಮೀ. ಓಡಿದರೆ 18 ನಿಮಿಷಕ್ಕೆ 12 ಕಿ.ಮೀ. ಆದರೆ ರಸ್ತೆ ಹಕ್ಕಿ ಹಾರಿದ ಹಂಗೆ ನೆಟ್ಟಗಿರುವುದಿಲ್ಲ. ಹಳ್ಳ ಸುತ್ತಬೇಕು, ಊರು ಬಳಸಬೇಕು. ನೇರ ದೂರಕ್ಕಿಂತ ರಸ್ತೆ 1.3 ಪಟ್ಟು ಉದ್ದ ಎಂದು ಹಿಡಿದರೆ ನಕಾಶೆಯ ಮೇಲೆ ಸುಮಾರು 9 ಕಿ.ಮೀ. ತ್ರಿಜ್ಯದ ವೃತ್ತ ಬರುತ್ತದೆ.

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೇ ಸುಮಾರು 40 ಕಿ.ಮೀ. ಇದೆ. ಗಂಟೆಗೆ 40 ಕಿ.ಮೀ.ನಂತೆ ಒಂದು ತಾಸು! ತಡವಳದಂಥ ಊರುಗಳು ಅಕ್ಕಲಕೋಟದಿಂದಲೂ ಆಚೆ. ಹೀಗಾಗಿ ಜಿಲ್ಲಾ ಕೇಂದ್ರದಲ್ಲಿ ಎಷ್ಟೇ ದೊಡ್ಡ ಠಾಣೆ ಕಟ್ಟಿದರೂ ಗಡಿಯ ಹಳ್ಳಿಗೆ ಅದು ಉಪಯೋಗಕ್ಕೆ ಬರುವುದು ಕಡಿಮೆ. ನಾಲ್ಕು ಗಾಡಿಯ ಒಂದು ಠಾಣೆಗಿಂತ ಒಂದೊಂದು ಗಾಡಿಯ ನಾಲ್ಕು ಸಣ್ಣ ಠಾಣೆ ನಮಗೆ ಒಳ್ಳೇದು. ಆದರೆ ನಾಲ್ಕು ಕಡೆಯೂ ಹಗಲು-ರಾತ್ರಿ ಮಂದಿ ಬೇಕು, ಖರ್ಚು ಏರುತ್ತದೆ. ಯೋಜಕರ ನಿಜವಾದ ಕಷ್ಟ ಇಲ್ಲಿದೆ.

ಇನ್ನೊಂದು ಮಾತು ಗೊತ್ತಿರಲಿ. ಸಂವಿಧಾನದ 12ನೆಯ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯನ್ನು ನಗರಸಭೆಗಳ ಕೆಲಸಗಳ ಪಟ್ಟಿಯಲ್ಲಿ ಬರೆದಿದೆ. ಪಂಚಾಯತಿಗಳ 11ನೆಯ ಅನುಸೂಚಿಯಲ್ಲಿ ಅದು ಇಲ್ಲ. ಮಹಾರಾಷ್ಟ್ರದಲ್ಲಿ ಬಂಬ್‌ಗಳು ಬಹುತೇಕ ಮಹಾನಗರಪಾಲಿಕೆ, ನಗರಪರಿಷತ್ತು, ಎಂ.ಐ.ಡಿ.ಸಿ.ಗಳ ಕೈಯಲ್ಲಿವೆ. ಭೀಮೆಯ ಆಚೆ ಕರ್ನಾಟಕದಲ್ಲಿ ಇದು ರಾಜ್ಯ ಸರ್ಕಾರದ್ದೇ ಇಲಾಖೆ. ‘ಹಳ್ಳಿಗೆ ಯಾರು ಬರಬೇಕು’ ಎಂಬ ಪ್ರಶ್ನೆಗೆ ಉತ್ತರ ನಾವು ಯಾವ ದಂಡೆಯಲ್ಲಿದ್ದೇವೆ ಎಂಬುದರ ಮೇಲೂ ನಿಂತಿದೆ.

ಊರು ಗೊತ್ತಾದ ಮೇಲೆ ಜಾಗ ಆರಿಸುವಾಗ ನೋಡಬೇಕಾದವು: ರೈಲ್ವೆ ಗೇಟಿನ ತಪ್ಪು ಮಗ್ಗುಲಿಗೆ ಇರಬಾರದು, ಗೇಟು ಬಿದ್ದರೆ ಗಾಡಿ ನಿಂತೇ ಬಿಡುತ್ತದೆ. ಸಂತೆ ಕೂಡುವ ಬೀದಿ ಬೇಡ. ಶಾಲೆಯ ಬಾಗಿಲಿಗೆ ಹತ್ತಿಯೂ ಬೇಡ. ಹಳ್ಳದ ನೀರು ನುಗ್ಗುವ ತಗ್ಗು ಬೇಡವೇ ಬೇಡ. ಪೂರ ಬಂದ ದಿನ ಠಾಣೆಯೇ ಮುಳುಗಿದರೆ ಬೇರೆಯವರನ್ನು ಉಳಿಸುವವರು ಯಾರು?

ಕಟ್ಟಡದಲ್ಲಿ ಸೆಕೆಂಡು ಉಳಿಸುವುದು

ಮಲಗುವ ಕೋಣೆಯಿಂದ ಗಾಡಿಗೆ 40 ಮೀಟರ್ ಬದಲು 10 ಮೀಟರ್ ಇದ್ದರೆ, ಸೆಕೆಂಡಿಗೆ 3 ಮೀಟರ್ ಓಡುವವರಿಗೆ 10 ಸೆಕೆಂಡು ಉಳಿಯುತ್ತದೆ. ಇಷ್ಟೇನಾ ಅನ್ನಬೇಡಿ. 300 ಸೆಕೆಂಡು ಬದಲು 310 ಸೆಕೆಂಡಿಗೆ ಬೆಂಕಿ ಮುಟ್ಟಿದರೆ ಅದು ಸುಮಾರು ನೂರಕ್ಕೆ 7ರಷ್ಟು ದೊಡ್ಡದಾಗಿರುತ್ತದೆ. ವರ್ಗ ಮಾಡಿ ನೋಡ್ರಿ, ತಾಳೆ ಆಗುತ್ತದೆ.

ಹಿಂದೆ ಗಾಡಿ ಎಳೆಯುತ್ತಿದ್ದವು ಕುದುರೆಗಳು. ಅವು ಕೆಳಗೆ, ಮನುಷ್ಯರು ಮೇಲಿನ ಮಾಳಿಗೆಯಲ್ಲಿ. ಮೆಟ್ಟಿಲಿಳಿದು ಹೊತ್ತು ಕಳೆಯಬಾರದು ಎಂದು 1878ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಡೇವಿಡ್ ಕೆನ್ಯನ್ ಎಂಬ ಅಧಿಕಾರಿ ಕಟ್ಟಿಗೆಯ ಕಂಬ ನಿಲ್ಲಿಸಿ ಜಾರಿ ಇಳಿಯುವ ವ್ಯವಸ್ಥೆ ಮಾಡಿದ. ಆದರೆ ಜಾರುವಾಗ ಕಾಲು ಮುರಿದುಕೊಳ್ಳುವ ಅಪಾಯವೂ ಇತ್ತು. ಜಾಗ ಸಾಕಷ್ಟಿದ್ದರೆ ಈಗ ಎಲ್ಲವನ್ನೂ ನೆಲಮಟ್ಟದಲ್ಲೇ ಕಟ್ಟುವುದು ಮೇಲು.

ಗಾಡಿ ನಿಲ್ಲುವ ಅಂಕಣದ ನೆಲ ಹತ್ತು ಟನ್‌ಗೂ ಮೇಲಿನ ಭಾರ ತಾಳಬೇಕು. ನೀರು ನಿಲ್ಲಬಾರದು ಎಂದು 10 ಮೀಟರಿಗೆ 10 ಸೆಂ.ಮೀ.ನಷ್ಟು ಇಳಿಜಾರು ಕೊಡಬೇಕು. ಹಿಂದಿನ ಬಾಗಿಲಿನಿಂದ ಬಂದು ಮುಂದಿನಿಂದ ಹೋಗುವಂತಿದ್ದರೆ ರಿವರ್ಸ್ ಹಾಕುವ ಗೊಡವೆ ಇಲ್ಲ. ಮುಂದೆ ಗಾಡಿಯ ಉದ್ದಕ್ಕಿಂತ ಹೆಚ್ಚು ಬಯಲು ಬೇಕು. ಚಾಲಕನಿಗೆ ರಸ್ತೆಯ ಎರಡೂ ಕಡೆ ಕಂಡ ಮೇಲೆ ಗಾಡಿ ರಸ್ತೆಗೆ ಇಳಿಯಬೇಕು.

ಸಿಬ್ಬಂದಿಯ ಆರೋಗ್ಯವೂ ವಿನ್ಯಾಸದ ಭಾಗ. ಡೀಸೆಲ್ ಎಂಜಿನ್ನಿನ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಹೇಳಿತು. 2022ರಲ್ಲಿ ಬೆಂಕಿ ಆರಿಸುವ ವೃತ್ತಿಯನ್ನೂ ಅದೇ ಪಟ್ಟಿಗೆ ಸೇರಿಸಿತು. ಹಾಗಾಗಿ ಗಾಡಿಯ ಅಂಕಣಕ್ಕೂ ಮಲಗುವ ಕೋಣೆಗೂ ನಡುವೆ ಮುಚ್ಚಿದ ಬಾಗಿಲು ಇರಬೇಕು. ಮಸಿ ಹತ್ತಿದ ಉಡುಪು ತೊಳೆಯಲು ಬೇರೆ ಕೋಣೆ ಬೇಕು. ಅಡುಗೆಮನೆಯ ಗೂಟಕ್ಕೆ ಆ ಉಡುಪು ತೂಗುಬಿಡುವಂತಿಲ್ಲ.

ನಮ್ಮ ಕಡೆಯ ದೊಡ್ಡ ಪ್ರಶ್ನೆ: ನೀರು

ನಮ್ಮಲ್ಲಿ ವರ್ಷದ ಮಳೆ ಅರ್ಧ ಮೀಟರಿನ ಆಸುಪಾಸು. ಠಾಣೆಯ ಮಾಳಿಗೆ 400 ಚದರ ಮೀಟರ್ ಇದ್ದರೆ ಬೀಳುವ ನೀರು 400 × 0.5 = 200 ಘನ ಮೀಟರ್, ಅಂದ್ರೆ 2 ಲಕ್ಷ ಲೀಟರ್. ಐದರಲ್ಲೊಂದು ಪಾಲು ಹಾಳಾದರೂ 1 ಲಕ್ಷ 60 ಸಾವಿರ ಲೀಟರ್ ಉಳಿಯುತ್ತದೆ. 5000 ಲೀಟರ್ ಟಾಕಿ 32 ಸಲ ತುಂಬಬಹುದು. ಹೊಸ ಠಾಣೆಗೆ ನೆಲದೊಳಗಿನ ದೊಡ್ಡ ಹೌದು ಮೊದಲೇ ಕಟ್ಟಬೇಕು.

“ಹೊಲದಾಗ ಬಾವಿ ಐತಲ್ಲ, ಬಂಬ್ ಅದರಿಂದ ನೀರು ಎಳಕೊಳ್ಳಲಿ” ಅಂತ ಕೇಳುವವರಿದ್ದಾರೆ. ಇಲ್ಲೇ ಭೌತಶಾಸ್ತ್ರ ಅಡ್ಡ ಬರುತ್ತದೆ. ಗಾಡಿಯ ಪಂಪು ನೀರನ್ನು ತಾನೇ ಮೇಲೆ ಎಳೆಯುವುದಿಲ್ಲ. ಅದು ಕೊಳವೆಯ ಗಾಳಿ ತೆಗೆಯುತ್ತದೆ, ಹೊರಗಿನ ವಾಯುಮಂಡಲದ ಒತ್ತಡ ನೀರನ್ನು ಮೇಲೆ ನೂಕುತ್ತದೆ. ಆ ಒತ್ತಡ ಎತ್ತಬಲ್ಲದ್ದು ಹೆಚ್ಚೆಂದರೆ ಸುಮಾರು 10 ಮೀಟರ್ ನೀರಿನ ಕಂಬ. ಬಳಕೆಯಲ್ಲಿ 7 ಮೀಟರ್, ಅಂದ್ರೆ 23 ಅಡಿಯ ಸುಮಾರು ಸಿಕ್ಕರೆ ಪುಣ್ಯ. ಮೇ ತಿಂಗಳಲ್ಲಿ ಬಾವಿಯ ನೀರು 50 ಅಡಿ ಕೆಳಗೆ ಹೋಗಿದ್ದರೆ ಎಷ್ಟು ದೊಡ್ಡ ಪಂಪು ಇದ್ದರೂ ದಂಡೆಯ ಮೇಲೆ ನಿಂತು ಅದನ್ನು ಎಳೆಯಲಾರದು. ನೀರಿನೊಳಗೇ ಕೂತು ಕೆಳಗಿನಿಂದ ನೂಕುವ ಸಬ್‌ಮರ್ಸಿಬಲ್ ಮೋಟರೇ ಬೇಕು. ಹಾಗಾಗಿ ಊರಿನ ಎತ್ತರದ ನೀರಿನ ಟಾಕಿಗೆ ಬಂಬ್‌ನ ಪೈಪು ಕೂಡುವಂಥ ಒಂದು ತೋಟಿ ಹಾಕಿಸಿದರೆ, ಆರಿಸಿದ ಎರಡು-ಮೂರು ಬಾವಿಗಳಿಗೆ ಗಾಡಿ ಹೋಗುವ ದಾರಿ ಇಟ್ಟರೆ, ಬಂಬ್ ನೀರಿಗಾಗಿ ಹಿಂತಿರುಗಿ ಓಡುವುದು ತಪ್ಪುತ್ತದೆ.

ನೀವೇ ಮಾಡಿ ನೋಡಿ

1. ತಾಲೂಕಿನ ನಕಾಶೆ ತಗೊಳ್ರಿ. ಅದರ ಪ್ರಮಾಣ ನೋಡಿ 9 ಕಿ.ಮೀ.ಗೆ ಎಷ್ಟು ಸೆಂ.ಮೀ. ಎಂದು ಲೆಕ್ಕ ಹಾಕಿ. ಅಕ್ಕಲಕೋಟವನ್ನು ಕೇಂದ್ರ ಮಾಡಿ ಕೈವಾರದಿಂದ ವೃತ್ತ ಎಳೆಯಿರಿ. ಹೊರಗೆ ಉಳಿದ ಊರುಗಳ ಪಟ್ಟಿ ಮಾಡಿ.

2. ಇನ್ನೂ ಒಂದೇ ಒಂದು ಠಾಣೆ ಕಟ್ಟಲು ಅವಕಾಶ ಸಿಕ್ಕರೆ ಕೈವಾರದ ಮುಳ್ಳನ್ನು ಯಾವ ಊರಿನ ಮೇಲೆ ಇಡುತ್ತೀರಿ? ನಿಮ್ಮ ಊರಿಗೇ ಬೇಕು ಅನ್ನಿಸುವುದು ಸಹಜ. ಆದರೆ ಯಾವ ಜಾಗದಲ್ಲಿ ಇಟ್ಟರೆ ಹೆಚ್ಚು ಊರು ಒಳಗೆ ಬರುತ್ತವೆ ಎಂದು ಎಣಿಸಿ ತೀರ್ಮಾನಿಸಿ.

3. ನಿಮ್ಮ ಊರಿನ ಐದು ಬಾವಿಗಳಲ್ಲಿ ನೀರು ಎಷ್ಟು ಅಡಿ ಕೆಳಗಿದೆ ಎಂದು ಮನೆಯ ದೊಡ್ಡವರನ್ನು ಕೇಳಿ ಬರೆದುಕೊಳ್ಳಿ. ನೀವೇ ಬಾವಿಗೆ ಬಗ್ಗಿ ನೋಡಬೇಡಿ. 23 ಅಡಿಯ ಒಳಗಿರುವವು ಎಷ್ಟು?

ನಿಮ್ಮ ನಕಾಶೆ, ಪಟ್ಟಿ ಎರಡನ್ನೂ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ಚೆನ್ನಾಗಿ ಬಂದರೆ ಗ್ರಾಮಸಭೆಯಲ್ಲಿ ಓದಿ ಹೇಳಬಹುದು. ಹೊಸ ಠಾಣೆ ಬರುವ ತನಕ ಬೆಂಕಿ ಕಂಡ ಕೂಡಲೇ 101 ಇಲ್ಲವೆ 112ಕ್ಕೆ ಫೋನ್ ಮಾಡಿ. ಊರು, ತಾಲೂಕು, ಯಾವ ರಸ್ತೆ, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಸಿಕ್ಕಿದ್ದಾರೆಯೇ, ಹತ್ತಿರ ನೀರು ಎಲ್ಲಿದೆ ಎಂದು ಬಿಡಿಸಿ ಹೇಳಿ. ಊರ ಅಗಸಿಯಲ್ಲಿ ಒಬ್ಬರು ನಿಂತು ದಾರಿ ತೋರಿಸಲಿ. ಗಾಡಿ ಓಣಿ ಹುಡುಕುತ್ತ ಕಳೆಯುವ ಎರಡು ನಿಮಿಷ ಉಳಿಸಲು ಹೊಸ ಕಟ್ಟಡ ಬೇಕಿಲ್ಲ.