ಟ್ರೈಲರಿನ ಮುಂಭಾರ, ಹಿಂಭಾರ: ಏರು ಹತ್ತುವ ಮೊದಲು ಒಮ್ಮೆ ತೂಗಿ ನೋಡಿ

ಕಳೆದ ಬೇಸಿಗೆಯಲ್ಲಿ ಕೊಟ್ಟಿಗೆ ಕಟ್ಟಲು ಕೆಂಪುಕಲ್ಲು ತರಿಸುತ್ತಿದ್ದೆವು. ನಮ್ಮ ಮನೆ ದಾರಿಯಲ್ಲಿ ಒಂದು ಏರು ಇದೆ. ಐದಡಿ ಹೋದರೆ ಒಂದಡಿ ಮೇಲೆ. ಎರಡು ಗಾಲಿಯ ಟ್ರೈಲರಿನಲ್ಲಿ 100 ಕಲ್ಲು, ಅಂದಾಜು 3 ಟನ್. ಹಿಂದಕ್ಕೆ ಉದುರಬಾರದು ಅಂತ ಕೆಲಸದವರು ಎಲ್ಲವನ್ನೂ ಮುಂದಿನ ಹಲಗೆಗೆ ಒತ್ತಿ ಪೇರಿಸಿದ್ದರು. ಟ್ರ್ಯಾಕ್ಟರಿನ ಮೇಲೆ ಅಣ್ಣನ ಮಗ.

ಏರಿನ ಅರ್ಧದಲ್ಲಿ ಗೇರು ಬದಲಿಸಿ ಕ್ಲಚ್ ಬಿಟ್ಟದ್ದೇ ತಡ, ಮುಂದಿನ ಎರಡೂ ಗಾಲಿ ನೆಲ ಬಿಟ್ಟು ಒಂದು ಮೊಳ ಮೇಲೆದ್ದವು. ಹುಡುಗ ಗಾಬರಿಯಲ್ಲೂ ಕ್ಲಚ್ ಒತ್ತಿದ. ಗಾಲಿ ದೊಪ್ಪನೆ ನೆಲಕ್ಕೆ ಬಿತ್ತು. ಬ್ರೇಕು ಹಿಡಿಯುವಷ್ಟರಲ್ಲಿ ಟ್ರೈಲರು ಹಿಂದೆ ಜಾರಿ, ಅಡ್ಡ ತಿರುಗಿ, ದರೆಗೆ ಒರಗಿ ನಿಂತಿತು. ದರೆ ಇನ್ನೊಂದು ಬದಿಗೆ ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

'ಲೋಡು ಜಾಸ್ತಿ ಆಯ್ತು' ಅಂದರು ಎಲ್ಲರೂ. ಅದೇ ಟ್ರೈಲರಿನಲ್ಲಿ ಅಷ್ಟೇ ತೂಕದ ಮಣ್ಣು ಎಷ್ಟೋ ಸಲ ಅದೇ ಏರು ಹತ್ತಿದೆ. ಹಾಗಾದರೆ ಈ ಸಲ ಏನಾಯ್ತು? ಉತ್ತರ ಕೊಟ್ಟವರು ಪಕ್ಕದ ಮನೆಯ ಅಜ್ಜ. 'ಗಾಡಿ ಹೊಡೆಯುವಾಗ ನೊಗದ ಭಾರ ನೋಡ್ತಿದ್ದೆವಲ್ಲ ಮಾರಾಯ, ಟ್ರ್ಯಾಕ್ಟರಿಗೆ ಅದು ಬೇಡವಾ?'

ಎತ್ತಿನ ಗಾಡಿಯ ಪಾಠ

ಗಾಡಿಯಲ್ಲಿ ಅಚ್ಚಿನ ಮುಂದೆ ಭಾರ ಹೆಚ್ಚಾದರೆ ಮುಂಭಾರ. ನೊಗ ಎತ್ತಿನ ಹೆಗಲು ಅಮುಕುತ್ತದೆ. ಹಿಂದೆ ಹೆಚ್ಚಾದರೆ ಹಿಂಭಾರ. ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಎರಡೂ ಆಗದ ಹಾಗೆ, ನೊಗದ ಮೇಲೆ ಸ್ವಲ್ಪವೇ ಭಾರ ಕೂರುವಂತೆ ಹೇರುವುದು ಗಾಡಿ ಹೊಡೆಯುವವರಿಗೆಲ್ಲ ಗೊತ್ತಿತ್ತು. ಎತ್ತು ಮಾತಾಡದಿದ್ದರೂ ನಡಿಗೆಯಲ್ಲಿ ಹೇಳುತ್ತಿತ್ತು. ಟ್ರ್ಯಾಕ್ಟರು ಹೇಳುವುದಿಲ್ಲ, ಒಮ್ಮೆಗೇ ತೋರಿಸುತ್ತದೆ.

ಒಂದು ವ್ಯತ್ಯಾಸವಿದೆ. ಟ್ರ್ಯಾಕ್ಟರಿನ ಕೊಂಡಿ ಇರುವುದು ಹಿಂದಿನ ಅಚ್ಚಿಗಿಂತ ಹಿಂದೆ. ಅಲ್ಲಿ ಕೂತ ಭಾರ ಹಿಂದಿನ ಗಾಲಿಯನ್ನು ಒತ್ತುವುದರ ಜೊತೆಗೆ ಮುಂದಿನ ಗಾಲಿಯನ್ನು ಎತ್ತುತ್ತದೆ, ಸನಿಕೆಯಿಂದ ಕಲ್ಲು ಮೀಟಿದ ಹಾಗೆ.

ನಮ್ಮ ಗಾಡಿಯ ಲೆಕ್ಕ

ನಮ್ಮ ಟ್ರ್ಯಾಕ್ಟರಿನ ತೂಕ 1,800 ಕಿಲೋ. ವೇಬ್ರಿಡ್ಜಿನಲ್ಲಿ ಮುಂದಿನ ಗಾಲಿ ಮಾತ್ರ ಹತ್ತಿಸಿ ನೋಡಿದಾಗ 720 ಕಿಲೋ ಬಂತು. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 2 ಮೀಟರು. ಹಿಂದಿನ ಅಚ್ಚಿನಿಂದ ಕೊಂಡಿಗೆ 75 ಸೆಂಟಿಮೀಟರು. ಕಲ್ಲನ್ನು ಮತ್ತೆ ಅದೇ ರೀತಿ ಪೇರಿಸಿ ತೂಗಿದೆವು. ಮೂಕಿಯ ಭಾರ 600 ಕಿಲೋ!

600ನ್ನು 75ರಿಂದ ಗುಣಿಸಿ 200ರಿಂದ ಭಾಗಿಸಿ. 225 ಬಂತು. ಅಂದರೆ ಸಮತಟ್ಟಿನಲ್ಲೇ ಮುಂದಿನ ಗಾಲಿಯಿಂದ 225 ಕಿಲೋ ಹೋಯಿತು, ಉಳಿದದ್ದು 495. ಏರಿನಲ್ಲಿ ಟ್ರ್ಯಾಕ್ಟರಿನದೇ ತೂಕ ಹಿಂದಕ್ಕೆ ವಾಲುತ್ತದೆ, ಅದಕ್ಕೆ ಸುಮಾರು 125 ಕಿಲೋ ಕಳೆಯಿರಿ. ಟ್ರೈಲರೂ ಸೇರಿ 4 ಟನ್ನನ್ನು ಮೇಲೆ ಎಳೆಯುವ ಜಗ್ಗಿಗೆ ಇನ್ನೊಂದು 180. ಕೊನೆಗೆ ಉಳಿದದ್ದು 190 ಕಿಲೋ. ಕ್ಲಚ್ಚನ್ನು ಫಕ್ಕನೆ ಬಿಟ್ಟಾಗ ಅಷ್ಟೂ ಹೋಗಲು ಎಷ್ಟು ಹೊತ್ತು?

ಟ್ರ್ಯಾಕ್ಟರಿನ ತೂಕದ ಐದರಲ್ಲಿ ಒಂದು ಪಾಲಾದರೂ ಮುಂದಿನ ಗಾಲಿಯ ಮೇಲೆ ಇರಬೇಕು ಎಂಬುದು ಸಾಮಾನ್ಯ ಲೆಕ್ಕ. ಇಲ್ಲದಿದ್ದರೆ ಗಾಲಿ ಏಳದಿದ್ದರೂ ಸ್ಟೇರಿಂಗು ಮಾತು ಕೇಳುವುದಿಲ್ಲ. ನಮಗೆ 360 ಕಿಲೋ ಬೇಕಿತ್ತು, ಇದ್ದದ್ದು ಅದರ ಅರ್ಧ.

ಮೂಕಿಯ ಭಾರ ತೂಗುವುದು

ನಮ್ಮಲ್ಲಿರುವ ಅಡಿಕೆ ತೂಗುವ ತಕ್ಕಡಿ 300 ಕಿಲೋದ್ದು. 600 ಕಿಲೋ ಅದರ ಮೇಲೆ ಇಡುವಂತಿಲ್ಲ. ಅದಕ್ಕೆ ಹೀಗೆ ಮಾಡಿದೆವು. ಗಟ್ಟಿಯಾದ ಒಂದು ಮತ್ತಿ ತೊಲೆ. ಅದರ ಒಂದು ತುದಿ ಕಲ್ಲಿನ ಮೇಲೆ, ಇನ್ನೊಂದು ತುದಿ ತಕ್ಕಡಿಯ ಮೇಲೆ, ನಡುವೆ ಸರಿಯಾಗಿ 3 ಅಡಿ. ತೊಲೆಯಿಂದ ಬಂದ ತೂಕ ಗುರುತು ಹಾಕಿಕೊಳ್ಳಿ. ಆಮೇಲೆ ಕಲ್ಲಿನ ಕಡೆಯಿಂದ 1 ಅಡಿ ದೂರದಲ್ಲಿ, ದಿಮ್ಮಿ ಕೊಟ್ಟು, ಜಾಕಿನಿಂದ ಮೂಕಿಯನ್ನು ನಿಧಾನ ಇಳಿಸಿ. ತಕ್ಕಡಿ ತೋರಿಸಿದ್ದರಲ್ಲಿ ತೊಲೆಯದನ್ನು ಕಳೆದು ಮೂರರಿಂದ ಗುಣಿಸಿದರೆ ಮೂಕಿಯ ಭಾರ.

ಜಾಗ ಸಮತಟ್ಟಾಗಿರಲಿ. ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಡಿ. ಮೂಕಿ, ಟ್ರ್ಯಾಕ್ಟರಿಗೆ ಸಿಕ್ಕಿಸಿದಾಗ ಇರುವ ಎತ್ತರದಲ್ಲೇ ಇರಬೇಕು. ಕೆಳಗೆ ಕಾಲು, ಕೈ ಹಾಕಬೇಡಿ.

ಸರಿಪಡಿಸಿದ್ದು ಹೇಗೆ

ಮೊದಲ ಉಪಾಯಕ್ಕೆ ಖರ್ಚಿಲ್ಲ. ನಮ್ಮ ಟ್ರೈಲರಿನಲ್ಲಿ ಕೊಂಡಿಯಿಂದ ಅಚ್ಚಿಗೆ 10 ಅಡಿ. ಹೇರಿನ ಯಾವುದೇ ಭಾಗವನ್ನು 1 ಅಡಿ ಹಿಂದೆ ಸರಿಸಿದರೆ ಅದರ ತೂಕದ ಹತ್ತನೇ ಒಂದು ಪಾಲು ಮೂಕಿಯಿಂದ ಇಳಿಯುತ್ತದೆ. ನಾವು 40 ಕಲ್ಲನ್ನು, ಅಂದರೆ 1,200 ಕಿಲೋವನ್ನು, 2 ಅಡಿ ಹಿಂದಕ್ಕೆ ಪೇರಿಸಿದೆವು. 240 ಕಿಲೋ ಇಳಿದು ಮೂಕಿಯ ಭಾರ 360ಕ್ಕೆ ಬಂತು. ಮುಂದಿನ ಗಾಲಿ ಕಳೆದುಕೊಳ್ಳುವುದು ಈಗ 135 ಮಾತ್ರ.

ಎರಡನೆಯದು ಮೂತಿಗೆ ಕಟ್ಟುವ ಕಬ್ಬಿಣದ ತೂಕ. ಮುಂದಿನ ಅಚ್ಚಿಗಿಂತ 60 ಸೆಂಟಿಮೀಟರು ಮುಂದೆ 100 ಕಿಲೋ ಹಾಕಿದರೆ ಮುಂದಿನ ಗಾಲಿಗೆ 130 ಕಿಲೋ ಸಿಗುತ್ತದೆ. ಎರಡೂ ಸೇರಿ, ಅದೇ ಏರಿನಲ್ಲಿ ಈಗ 400 ಕಿಲೋಗಿಂತ ಹೆಚ್ಚು ಉಳಿಯುತ್ತದೆ.

ಮೂರನೆಯದು ಕೊಂಡಿಯ ಎತ್ತರ. ಹೇರು ತುಂಬಿದಾಗ ಟ್ರೈಲರು ನೆಲಕ್ಕೆ ಸಮ ನಿಲ್ಲಬೇಕು. ಮುಂದಿನ, ಹಿಂದಿನ ಮೂಲೆಯ ಎತ್ತರ ಅಳೆದು, ಕೊಂಡಿಯ ತೂತು ಬದಲಿಸಿ ಹೊಂದಿಸಿ. ಮೇಲೆ ಇಟ್ಟಷ್ಟೂ ಜಗ್ಗು ಮುಂದಿನ ಗಾಲಿಯನ್ನು ಹೆಚ್ಚು ಎತ್ತುತ್ತದೆ. ಹಿಂದಿನ ಅಚ್ಚಿಗಿಂತ ಮೇಲೆ, ಟಾಪ್‌ಲಿಂಕಿನ ಜಾಗಕ್ಕೆ, ಸರಪಳಿ ಹಾಕಿ ಯಾವುದನ್ನೂ ಎಳೆಯಲೇಬೇಡಿ. ಟ್ರ್ಯಾಕ್ಟರು ಹಿಂದಕ್ಕೆ ಮಗುಚುವುದು ಹೀಗೇ. ಹೈಡ್ರಾಲಿಕ್ ಕೈಗಳ ನಡುವಿನ ತೂತಿನ ಪಟ್ಟಿಗೆ ಟ್ರೈಲರು ಸಿಕ್ಕಿಸುವ ರೂಢಿಯೂ ಬೇಡ. ಲಿಫ್ಟು ಏರಿದರೆ ಕೊಂಡಿಯೂ ಏರುತ್ತದೆ.

ಹಿಂಭಾರವೂ ಬೇಡ

ಇದನ್ನು ಓದಿ ಎಲ್ಲವನ್ನೂ ಹಿಂದಕ್ಕೆ ಹೇರಿದರೆ ಇನ್ನೊಂದು ಕಷ್ಟ. ಮೂಕಿ ಕೊಂಡಿಯನ್ನು ಮೇಲೆತ್ತುತ್ತದೆ, ಹಿಂದಿನ ಗಾಲಿಗೆ ಹಿಡಿತ ಹೋಗುತ್ತದೆ. ಏರಿನಲ್ಲಿ ಗಾಲಿ ಸುಮ್ಮನೆ ತಿರುಗುತ್ತದೆ, ಇಳಿಜಾರಿನಲ್ಲಿ ಬ್ರೇಕು ಹಾಕಿದರೆ ಟ್ರೈಲರು ತಳ್ಳಿ ಅಡ್ಡ ಮಾಡುತ್ತದೆ. ಮೂಕಿಯ ಮೇಲೆ ಭಾರ ಇರಲೇಬೇಕು, ಆದರೆ ಹದವಾಗಿ. ಸೊಪ್ಪು, ದರಕು ಹೇರುವಾಗ ರಾಶಿ ಹಿಂದಕ್ಕೆ ಚಾಚುತ್ತದೆ, ಆಗಲೂ ಗಮನ ಇರಲಿ.

ಅಮೆರಿಕಾದಲ್ಲಿ ಪಿಕಪ್ ಗಾಡಿಗೆ ವಾಸದ ಟ್ರೈಲರು ಕಟ್ಟುವವರಿಗೂ ಇದೇ ಚಿಂತೆ. ಟ್ರೈಲರಿನ ತೂಕದ ನೂರರಲ್ಲಿ 10ರಿಂದ 15 ಪಾಲು ಮೂಕಿಯ ಮೇಲಿರಲಿ ಎನ್ನುತ್ತಾರೆ. ಕೊಂಡಿಯ ಎರಡು ಬದಿಗೆ ಸ್ಪ್ರಿಂಗಿನ ಸಲಾಕೆ ಜೋಡಿಸಿ, ಸರಪಳಿಯಿಂದ ಬಿಗಿದು, ಸ್ವಲ್ಪ ಭಾರವನ್ನು ಮುಂದಿನ ಗಾಲಿಗೂ ಟ್ರೈಲರಿನ ಗಾಲಿಗೂ ಹಂಚುತ್ತಾರೆ. ಮುಂದಿನ ಮಡ್‌ಗಾರ್ಡಿನ ಎತ್ತರ ಅಳೆದರೆ ಎಷ್ಟು ಬಿಗಿಯಬೇಕೆಂದು ತಿಳಿಯುತ್ತದೆ. ನಮ್ಮ ಟ್ರ್ಯಾಕ್ಟರಿನ ಮುಂದೆ ಸ್ಪ್ರಿಂಗಿಲ್ಲ, ಅಳತೆಗೆ ಸಿಗುವುದಿಲ್ಲ. ತಗ್ಗು ದಿಣ್ಣೆಯ ದಾರಿಯಲ್ಲಿ ಆ ಸಲಾಕೆಗಳೂ ತಾಳಲಾರವು. ನಮಗೆ ಹೇರುವ ಕ್ರಮ ಮತ್ತು ಮೂತಿಯ ತೂಕವೇ ಗತಿ.

ಹೊರಡುವ ಮೊದಲು

ಪಿನ್ನಿಗೆ ಬೀಗದ ಕಡ್ಡಿ ಹಾಕಿದೆಯೇ ನೋಡಿ. ಎರಡೂ ಬ್ರೇಕ್ ಪೆಡಲುಗಳನ್ನು ಜೋಡಿಸಿ. ಏರಿನ ಬುಡದಲ್ಲೇ ಸಣ್ಣ ಗೇರಿಗೆ ಹಾಕಿ, ನಡುವೆ ಬದಲಿಸಬೇಡಿ. ಮುಂದಿನ ಗಾಲಿ ಎದ್ದರೆ ಮೊದಲು ಕ್ಲಚ್, ಕೂಡಲೇ ಬ್ರೇಕು. ಮಡ್‌ಗಾರ್ಡಿನ ಮೇಲೆ ಯಾರೂ ಕೂರುವುದು ಬೇಡ.

ಈಗ ನಮ್ಮ ಟ್ರೈಲರಿನ ಹಲಗೆಯ ಒಳಬದಿಯಲ್ಲಿ ಒಂದು ಬಿಳಿ ಗೆರೆ ಎಳೆದಿದ್ದೇವೆ. ಭಾರದ ವಸ್ತು ಯಾವುದಿದ್ದರೂ ಪೇರಿಸುವುದು ಅಲ್ಲಿಂದ ಹಿಂದಕ್ಕೆ. ಕೊಟ್ಟಿಗೆಯ ಉಳಿದ ಕಲ್ಲೆಲ್ಲ ಅದೇ ಏರು ಹತ್ತಿ ಬಂತು. ಹೊಡೆದದ್ದು ಅಣ್ಣನ ಮಗನೇ. ಬಣ್ಣಕ್ಕೆ ಆದ ಖರ್ಚು ನೂರು ರೂಪಾಯಿಯೂ ಇಲ್ಲ. ನಿಮ್ಮ ಟ್ರೈಲರಿನ ಅಳತೆ ಬೇರೆ ಇರಬಹುದು, ಗೆರೆ ಬೇರೆ ಕಡೆ ಬರಬಹುದು. ಒಂದು ದಿನ ಬಿಡುವು ಮಾಡಿಕೊಂಡು ತೂಗಿ ನೋಡಿ.