ಕೊಂಗು ನಾಡಿನ ಹಬ್ಬ ನೋಡಲು ಹೋಗುವವರಿಗೆ

ಕೊಂಗು ನಾಡಿನ ಕೊಯಮತ್ತೂರು, ತಿರುಪ್ಪೂರು ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ನೂಲಿನ ಗಿರಣಿ, ಬನಿಯನ್, ಆಸ್ಪತ್ರೆ. ಆದರೆ ಜನವರಿಯಿಂದ ಜೂನ್‌ವರೆಗೆ ಈ ಎರಡು ಜಿಲ್ಲೆಗಳ ಒಂದಲ್ಲ ಒಂದು ಊರಿನಲ್ಲಿ ತೇರೋ ಕೆಂಡ ಹಾಯುವ ಕೊಂಡವೋ ಜಾತ್ರೆಯೋ ಇದ್ದೇ ಇರುತ್ತದೆ. ಹೋಗಬೇಕೆನ್ನುವವರಿಗೆ ತೊಡಕಾಗುವುದು ಎರಡು ವಿಷಯ. ಯಾವ ದಿನ ಹೋಗಬೇಕು? ಹೋದ ದಿನ ಅಲ್ಲಿ ಏನು ನಡೆಯುತ್ತಿರುತ್ತದೆ? ಇವೆರಡು ಗೊತ್ತಾದರೆ ಉಳಿದದ್ದು ಸುಲಭ.

ದಿನ ಲೆಕ್ಕ ಹಾಕುವುದು ಹೇಗೆ?

ನಮ್ಮದು ಚಾಂದ್ರಮಾನ, ತಮಿಳರದು ಸೌರಮಾನ. ಸೂರ್ಯ ರಾಶಿ ಬದಲಿಸಿದಾಗ ಅವರಿಗೆ ಹೊಸ ತಿಂಗಳು. ನಮ್ಮ ಸಂಕ್ರಾಂತಿಯ ದಿನ ಅವರ ತೈ ತಿಂಗಳು ಶುರು. ಫೆಬ್ರವರಿ ನಡುವಿನಿಂದ ಮಾಸಿ, ಮಾರ್ಚ್ ನಡುವಿನಿಂದ ಪಂಗುನಿ, ಏಪ್ರಿಲ್ 14ರ ಆಸುಪಾಸಿನಿಂದ ಚಿತ್ತಿರೈ, ಮೇ ನಡುವಿನಿಂದ ವೈಕಾಸಿ.

ಆ ತಿಂಗಳೊಳಗೆ ಯಾವ ನಕ್ಷತ್ರಕ್ಕೆ ಹಬ್ಬ ಎಂದು ನೋಡುತ್ತಾರೆ. ಪೂಸಂ ಎಂದರೆ ಪುಷ್ಯ, ಮಗಂ ಎಂದರೆ ಮಖಾ, ಉತ್ತಿರಂ ಎಂದರೆ ಉತ್ತರಾ. ತೈಪೂಸಂ, ಮಾಸಿಮಗಂ, ಪಂಗುನಿ ಉತ್ತಿರಂ, ವೈಕಾಸಿ ವಿಶಾಖಂ, ಎಲ್ಲವೂ ಆಯಾ ತಿಂಗಳ ಹುಣ್ಣಿಮೆಯ ಹತ್ತಿರವೇ ಬರುತ್ತವೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ಅವಧಿಯ ಹುಣ್ಣಿಮೆ ಹುಡುಕಿದರೆ ಅಂದಾಜು ಸಿಕ್ಕಿತು. ತೈ ಅಮಾವಾಸ್ಯೆ ಇನ್ನೂ ಸುಲಭ: ಅದು ನಮ್ಮ ಪುಷ್ಯ ಮಾಸದ ಅಮಾವಾಸ್ಯೆಯೇ.

ಅಮ್ಮನ ಹಬ್ಬದ ಕ್ರಮ

ಶಿವ, ಪೆರುಮಾಳ್ ದೇವಾಲಯಗಳಲ್ಲಿ ಧ್ವಜಾರೋಹಣ, ಕಲ್ಯಾಣ, ತೇರು. ಇದು ನಮಗೆ ಹೊಸದಲ್ಲ. ಅಮ್ಮನ ಹಬ್ಬದ ದಾರಿ ಸ್ವಲ್ಪ ಬೇರೆ.

ಮೊದಲು ಪೂಚ್ಚಾಟ್ಟು. ದೇವಿಗೆ ಹೂ ಹಾಕಿ ಹಬ್ಬವನ್ನು ಊರಿಗೆ ಸಾರುವ ದಿನ ಅದು. ಮೈಸೂರು ಕಡೆ ಸಾರು ಹಾಕಿದ ಹಾಗೆ. ಹರಕೆ ಹೊತ್ತವರು ಕೈಗೆ ಅರಿಶಿನದ ಕಂಕಣ ಕಟ್ಟಿಕೊಂಡು ವ್ರತ ಹಿಡಿಯುತ್ತಾರೆ.

ಆಮೇಲೆ ಹಲವು ಮಾರಿಯಮ್ಮನ ಗುಡಿಗಳ ಮುಂದೆ ಕಂಬಂ ನೆಡುತ್ತಾರೆ. ಮೂರು ಕವಲಿನ ಮರದ ಕಂಬ ಅದು. ದೇವಿಯ ಗಂಡನೆಂದು ನಂಬಿಕೆ. ಬೆಳಗ್ಗೆ ಹೆಂಗಸರು ಬಿಂದಿಗೆಯಲ್ಲಿ ಅರಿಶಿನ, ಬೇವಿನ ಸೊಪ್ಪಿನ ನೀರು ತಂದು ಅದಕ್ಕೆ ಹೊಯ್ಯುತ್ತಾರೆ. ರಾತ್ರಿ ಕವಲಿನ ಮೇಲೆ ಬೆಂಕಿಯ ಮಡಕೆ ಇಡುತ್ತಾರೆ. ಗಂಡಸರು ತಮಟೆಯ ಬಡಿತಕ್ಕೆ ಸುತ್ತುಗಟ್ಟಿ ಕುಣಿಯುತ್ತಾರೆ.

ಕೊನೆಗೆ ಮಾವಿಳಕ್ಕು, ಅಂದರೆ ಅಕ್ಕಿಹಿಟ್ಟು ಬೆಲ್ಲ ಕಲಸಿ, ತುಪ್ಪದ ಬತ್ತಿ ಹಚ್ಚಿ ತರುವ ಆರತಿ. ನಮ್ಮ ತಂಬಿಟ್ಟಿನಾರತಿಯೇ ಇದು. ಹಬ್ಬ ಮುಗಿದಾಗ ಕಂಬ ಕಿತ್ತು ನೀರಿಗೆ ಬಿಡುತ್ತಾರೆ, ಅರಿಶಿನ ನೀರು ಎರಚಾಡುತ್ತಾರೆ. ಅಂದು ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಬೇಡಿ.

ಎಲ್ಲಿ, ಯಾವಾಗ?

ಆನೈಮಲೈ ಮಾಸಾಣಿ ಅಮ್ಮನ್: ಪೊಳ್ಳಾಚಿಯ ಆಚೆ ಇದೆ. ತೈ ಅಮಾವಾಸ್ಯೆಗೆ ಧ್ವಜ ಏರಿದರೆ, ಎರಡು ಎರಡೂವರೆ ವಾರ ಕಳೆದು ಗುಂಡಂ, ಅಂದರೆ ಕೊಂಡ. ಇಲ್ಲಿ ದೇವಿ ಮಲಗಿದ ಭಂಗಿಯಲ್ಲಿದ್ದಾಳೆ. ಅನ್ಯಾಯವಾಯಿತೆಂದು ನೊಂದು ಬಂದವರು ಕೆಂಪು ಮೆಣಸಿನಕಾಯಿ ಅರೆದು ನೀತಿಕಲ್ಲಿಗೆ ಹಚ್ಚಿ ಹರಕೆ ಹೇಳಿಕೊಳ್ಳುತ್ತಾರೆ. ಕೊಂಡದ ಬೆಳಗ್ಗೆ ಮೊದಲು ಹೂವಿನ ಚೆಂಡನ್ನು ಕೆಂಡದ ಮೇಲೆ ಉರುಳಿಸುತ್ತಾರೆ. ಅದರ ಹಿಂದೆಯೇ ಹರಕೆಯವರು ಇಳಿಯುತ್ತಾರೆ. ಕೆಂಡವನ್ನು ಇಲ್ಲಿ ಹೂವೆಂದೇ ಕರೆಯುತ್ತಾರೆ. ಹೆಂಗಸರು ಅದನ್ನು ಬರಿಗೈಯಲ್ಲಿ ಬಾಚಿ ಅರ್ಪಿಸುತ್ತಾರೆ.

ಕೋಣಿಯಮ್ಮನ್: ಕೊಯಮತ್ತೂರಿನ ಊರದೇವತೆ. ಮಾಸಿ ತಿಂಗಳಲ್ಲಿ ರಾಜಬೀದಿಯಿಂದ ತೇರು. ಇತ್ತೀಚಿನ ವರ್ಷಗಳಲ್ಲಿ ಒಪ್ಪಣಕ್ಕಾರ ಬೀದಿಯ ಮಸೀದಿಯವರು ತೇರೆಳೆಯುವವರಿಗೆ ನೀರಿನ ಬಾಟಲಿ ಹಂಚುತ್ತಾರೆ.

ಅವಿನಾಶಿ: ಅವಿನಾಶಿಲಿಂಗೇಶ್ವರನ ತೇರು ಚಿತ್ತಿರೈ ತಿಂಗಳಲ್ಲಿ. ತಮಿಳುನಾಡಿನ ಬಹು ದೊಡ್ಡ ತೇರುಗಳಲ್ಲಿ ಇದೂ ಒಂದು. ಹಗ್ಗ ಎಳೆಯುವವರು ಸಾವಿರಾರು ಜನ. ಆದರೆ ತೇರು ತಿರುಗುವುದು, ನಿಲ್ಲುವುದು ಚಕ್ರದಡಿಗೆ ಮರದ ತುಂಡು ಕೊಡುವ ಕೆಲವೇ ಜನರ ಕೈಯಲ್ಲಿದೆ. ಸಾಮಾನ್ಯವಾಗಿ ಒಂದೇ ದಿನದಲ್ಲಿ ತೇರು ನೆಲೆ ಸೇರುವುದಿಲ್ಲ. ಮೊದಲ ದಿನ ತಪ್ಪಿದರೆ ಎರಡನೆಯ ದಿನ ಹೋಗಿ ನೋಡಬಹುದು.

ತಿರುಪ್ಪೂರಿನಲ್ಲಿ ವಿಶ್ವೇಶ್ವರ, ವೀರರಾಘವ ಪೆರುಮಾಳ್ ತೇರು ವೈಕಾಸಿ ವಿಶಾಖಕ್ಕೆ. ಪೆರುಮಾನಲ್ಲೂರಿನ ಕೊಂಡತ್ತು ಕಾಳಿಯಮ್ಮನ ಕೊಂಡ ಪಂಗುನಿಯಲ್ಲಿ. ಮರುದಮಲೈಯಲ್ಲೂ ಕಾಂಗೇಯದ ಹತ್ತಿರದ ಶಿವನ್ಮಲೈಯಲ್ಲೂ ತೈಪೂಸಂ. ಪೇರೂರು ಪಟ್ಟೀಶ್ವರನ ತೇರು ಪಂಗುನಿ ಉತ್ತಿರಕ್ಕೆ. ಕಾರಮಡೈ ರಂಗನಾಥನ ಮಾಸಿಮಗಂ ತೇರಿಗೆ ಹೋದರೆ ಇನ್ನೊಂದು ದಿನ ಉಳಿಯಿರಿ. ತೇರಿನ ನಂತರ ದಾಸರು ಉರಿಯುವ ಪಂಜು ಹಿಡಿದು ಕುಣಿಯುವ ಪಂದ ಸೇವೆಯೂ, ನೀರಿನ ಸೇವೆಯೂ ಇರುತ್ತವೆ. ದನ ಕರು ಸಾಕಿದವರಾದರೆ ಪೊಂಗಲ್ ಸಮಯದಲ್ಲಿ ಉಡುಮಲೈ ಬಳಿಯ ಸೋಮವಾರಪಟ್ಟಿಗೆ ಹೋಗಿ. ಆಲ್‌ಕೊಂಡಮಾಲ್ ಗುಡಿಗೆ ರೈತರು ಹಾಲು ತಂದು ಒಪ್ಪಿಸಿ, ಮಣ್ಣಿನ ದನದ ಗೊಂಬೆ ಹರಕೆ ಸಲ್ಲಿಸುತ್ತಾರೆ.

ಅಲ್ಲಿ ಕನ್ನಡದವರೂ ಇದ್ದಾರೆಯೇ?

ಇದ್ದಾರೆ, ತಲೆಮಾರುಗಳಿಂದ. ಕೊಯಮತ್ತೂರು ಸೀಮೆಯ ಒಕ್ಕಲಿಗರ ಮನೆಮಾತು ಕನ್ನಡ. ದೇವಾಂಗರಲ್ಲಿ ಹಲವರು ಕನ್ನಡ, ಉಳಿದವರು ತೆಲುಗು ಆಡುತ್ತಾರೆ. ಕಾರಮಡೈ ರಂಗನಾಥನ ಮಾಸಿಮಗಂ ತೇರಿಗೆ ಹೋದರೆ ಇನ್ನೊಂದು ದಿನ ಉಳಿಯಿರಿ. ತೇರಿನ ನಂತರ ದಾಸರು ಉರಿಯುವ ಪಂಜು ಹಿಡಿದು ಕುಣಿಯುವ ಪಂದ ಸೇವೆಯೂ, ನೀರಿನ ಸೇವೆಯೂ ಇರುತ್ತವೆ.

ದೇವಾಂಗರ ಕತ್ತಿ ಹಬ್ಬ ವಿಜಯದಶಮಿಯಂದು. ಕೊಯಮತ್ತೂರಿನ ರಾಜಬೀದಿಯ ರಾಮಲಿಂಗ ಚೌಡೇಶ್ವರಿ ಗುಡಿಗೆ ದೇವಿಯನ್ನು ಕರೆತರುವ ಮೆರವಣಿಗೆಯಲ್ಲಿ ವೀರಕುಮಾರರು ಎದೆಗೂ ತೋಳಿಗೂ ಕತ್ತಿ ಹಾಕಿಕೊಳ್ಳುತ್ತಾ ತಾಯಿಯನ್ನು ಕರೆಯುತ್ತಾರೆ. ಗಾಯಕ್ಕೆ ಹಚ್ಚುವುದು ಭಂಡಾರ, ಅಂದರೆ ದೇವಿಯ ಅರಿಶಿನ ಪುಡಿ. ರಕ್ತ ಕಂಡರೆ ತಲೆ ಸುತ್ತುವವರು, ಚಿಕ್ಕ ಮಕ್ಕಳಿದ್ದವರು ದೂರದಲ್ಲೇ ನಿಲ್ಲುವುದು ಒಳ್ಳೆಯದು.

ಖರ್ಚು, ಪ್ರಯಾಣ

ತೇರು, ಕೊಂಡ ನೋಡಲು ಕಾಸು ಕೊಡಬೇಕಿಲ್ಲ. ಇಲ್ಲಿ ಹೆಸರಿಸಿದ ದೊಡ್ಡ ದೇವಾಲಯಗಳು ತಮಿಳುನಾಡಿನ ಹಿಂದೂ ಧಾರ್ಮಿಕ ಮತ್ತು ದತ್ತಿ ಇಲಾಖೆಯ ಆಡಳಿತದಲ್ಲಿವೆ. ನಮ್ಮ ಮುಜರಾಯಿ ಇಲಾಖೆ ಇದ್ದ ಹಾಗೆ. ಧರ್ಮದರ್ಶನದ ಸಾಲು ಉಚಿತ. ಅರ್ಚನೆ, ವಿಶೇಷ ದರ್ಶನಕ್ಕೆ ಕೌಂಟರಿನಲ್ಲಿ ದರ ಬರೆದಿರುತ್ತದೆ. ಅಲ್ಲೇ ಕೊಟ್ಟು ರಶೀದಿ ಪಡೆಯಿರಿ. ಬೀದಿಯಲ್ಲಿ ಬಂದು ಬೇಗ ದರ್ಶನ ಮಾಡಿಸುತ್ತೇನೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಊಟದ ಚಿಂತೆ ಬೇಡ, ಹಬ್ಬದ ದಿನ ಬೀದಿ ಬೀದಿಯಲ್ಲಿ ಅನ್ನದಾನ, ಮಜ್ಜಿಗೆ.

ಬೆಂಗಳೂರು ದಂಡು ನಿಲ್ದಾಣದಿಂದ ಕೊಯಮತ್ತೂರಿಗೆ ವಂದೇ ಭಾರತ್ ರೈಲು 2023ರ ಡಿಸೆಂಬರ್ 30ರಂದು ಶುರುವಾಯಿತು, ತಿರುಪ್ಪೂರಿನಲ್ಲೂ ನಿಲ್ಲುತ್ತದೆ. ಚಾಮರಾಜನಗರದ ಕಡೆಯವರಿಗೆ ಹಾಸನೂರು, ದಿಂಬಂ ಘಾಟಿ, ಬಣ್ಣಾರಿ, ಸತ್ಯಮಂಗಲದ ರಸ್ತೆ ಹತ್ತಿರ. ಆದರೆ ಹುಲಿ ಮೀಸಲು ಕಾಡಿನ ಆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ; ಹಗಲಲ್ಲೇ ದಾಟಿಬಿಡಿ. ಕೊಯಮತ್ತೂರಿನೊಳಗೆ ತಿರುಪ್ಪೂರು, ಅವಿನಾಶಿ ಬಸ್ಸಿಗೆ ಗಾಂಧಿಪುರಂ, ಪೊಳ್ಳಾಚಿಗೆ ಉಕ್ಕಡಂ, ಕಾರಮಡೈಗೆ ಮೇಟ್ಟುಪಾಳ್ಯಂ ರಸ್ತೆಯ ನಿಲ್ದಾಣ.

ಕೊಂಡ ಹಾಯಬಹುದೇ ಎಂದು ಕೆಲವರು ಕೇಳುತ್ತಾರೆ. ಕಂಕಣ ಕಟ್ಟಿ, ವ್ರತ ಹಿಡಿದು, ದೇವಾಲಯದವರು ಹೇಳಿದ ಸಾಲಿನಲ್ಲಿ ಬಂದವರಿಗೆ ಮಾತ್ರ ಅದು. ಆವೇಶದಲ್ಲಿ ಇಳಿಯಬೇಡಿ, ಮಗುವನ್ನು ಎತ್ತಿಕೊಂಡಂತೂ ಬೇಡವೇ ಬೇಡ. ಕೊನೆಯದಾಗಿ, ಕ್ಯಾಲೆಂಡರಿನಿಂದ ಸಿಗುವುದು ಅಂದಾಜು ಅಷ್ಟೇ. ದೇವಾಲಯದ ಕಚೇರಿಗೆ ಫೋನು ಮಾಡಿ ದಿನ ಖಚಿತಪಡಿಸಿಕೊಂಡ ಮೇಲೆಯೇ ರೈಲಿನ ಟಿಕೆಟ್ ಮಾಡಿಸಿ.